ಬೋರ್‌ವೆಲ್‌ಗೆ ನೀರು ಬಾರದ ಕತೆ

ಹೋದ ಕ್ರಿಸ್‌ಮಸ್‌ಗೆ ನಮ್ಮ ಚರ್ಚ್ ಸಭೆಯ ಸಂಚಿಕೆಗೆ ಒಂದು ಕತೆ ಬರೆದುಕೊಟ್ಟಿದ್ದೆ. ಕೋಲಾರದ ಹತ್ತಿರದ ಒಬ್ಬ ರೈತ ಸಾಲ ಮಾಡಿ ಬೋರ್‌ವೆಲ್ ಕೊರೆಸುತ್ತಾನೆ. ಬರೀ ಧೂಳು. ರಿಗ್ ಲಾರಿ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾನೆ. ನೀರು ಚಿಮ್ಮುತ್ತದೆ. ಎಲ್ಲರೂ ಸ್ತೋತ್ರ ಅನ್ನುತ್ತಾರೆ. ಮುಗೀತು.

ಆರಾಧನೆ ಆದಮೇಲೆ ತುಂಬ ಜನ ಚೆನ್ನಾಗಿದೆ ಅಂದರು. ಒಬ್ಬ ಆಂಟಿ ಮಾತ್ರ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು. "ಅಲ್ಲಪ್ಪಾ, ನಮ್ಮದು ಮೂರು ಬೋರು ಫೇಲಾಯ್ತು. ಹಾಗಾದ್ರೆ ನಾವು ಸರಿಯಾಗಿ ಪ್ರಾರ್ಥನೆ ಮಾಡಲಿಲ್ಲ ಅಂತಾನಾ?"

ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಇಲ್ಲಿ ಕೂತು ನಲ್ಲಿ ತಿರುಗಿಸಿದ ಹಾಗೆ ನೀರು ಬರಿಸಿದ್ದೆನಲ್ಲ!

ನಮ್ಮ ಕ್ರೈಸ್ತ ಕತೆಗಳಲ್ಲಿ ಇದು ಜಾಸ್ತಿ. ಕುಡುಕ ಗಂಡ ಒಂದು ಕೂಟಕ್ಕೆ ಬರುತ್ತಾನೆ, ಮಾರನೇ ದಿನದಿಂದ ಬಾಟಲಿ ಮುಟ್ಟಲ್ಲ. ದೇವರು ತನ್ನ ಬಾಳಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿಯಾಗಿ ಹೇಳುವಾಗ ಅದು ನಡೆಯುತ್ತೆ. ಸಾಕ್ಷಿಗೆ ಕೊಡುವುದೇ ಐದು ನಿಮಿಷ (ಹದಿನೈದು ತಗೊಳ್ತಾರೆ, ಆ ಮಾತು ಬೇರೆ). ಕತೆಗೆ ಆ ಅವಸರ ಯಾಕೆ? ಬಿಟ್ಟವನು ಹಬ್ಬದ ದಿನ ಮತ್ತೆ ಕುಡಿದು ಬಂದ ರಾತ್ರಿ ಆ ಮನೆಯಲ್ಲಿ ಏನಾಯ್ತು ಅಂತ ಯಾರೂ ಬರೆಯಲ್ಲ. ಇನ್ನು ಮಾತು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು ಆಡುವವರು ಕತೆಯೊಳಗೆ ಬಂದ ಕೂಡಲೇ ಸತ್ಯವೇದದ, ಅಂದರೆ ಬೈಬಲಿನ, ಕನ್ನಡ ಶುರು ಮಾಡುತ್ತಾರೆ. ನನ್ನ ರೈತನೂ ಹಾಗೇ ಆಡಿದ್ದ.

ಸೋಲು ಬರೆದರೆ ಓದುವವರ ನಂಬಿಕೆ ಕುಗ್ಗುತ್ತೆ ಅನ್ನುವವರಿದ್ದಾರೆ. ಸತ್ಯವೇದವನ್ನೇ ತೆಗೆದು ನೋಡಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಲೂಕ 15ರಲ್ಲಿ ಯೇಸು ಹೇಳಿದ ಕತೆಯಲ್ಲಿ ಮನೆ ಬಿಟ್ಟು ತಪ್ಪಿಹೋದ ಕಿರಿಮಗ ಮನೆ ಸೇರಿದ, ಸರಿ. ದೊಡ್ಡ ಮಗ? ಹೊಲದಿಂದ ಬರುತ್ತಾನೆ, ಒಳಗೆ ಹಾಡು ಕುಣಿತ ಕೇಳುತ್ತೆ, ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪನೇ ಆಚೆ ಬಂದು ಕರೆಯುತ್ತಾನೆ. ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲೇ ಇಲ್ಲ. ಅಲ್ಲಿಗೇ ನಿಲ್ಲಿಸಿಬಿಟ್ಟ. ನಾವಾಗಿದ್ದರೆ ಅವನನ್ನೂ ಒಳಗೆ ಕರೆತಂದು, ತಮ್ಮನನ್ನು ತಬ್ಬಿಸಿ, ಫೋಟೋ ತೆಗೆಸಿ ಕಳಿಸುತ್ತಿದ್ದೆವು, ಅಲ್ವಾ?

ಈ ಸಲ ಅದೇ ಕತೆಯನ್ನು ಮತ್ತೆ ಬರೆದೆ. ಕೊರೆಸುವ ಹಿಂದಿನ ದಿನ ಭಾವಮೈದ ನೀರು ನೋಡುವವನನ್ನು ಕರೆದುಕೊಂಡು ಬರುತ್ತಾನೆ. ಅವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾನೆ. ಹುಣಸೆ ಮರದ ಹತ್ತಿರ ಕಾಯಿ ಎದ್ದು ನಿಲ್ಲುತ್ತೆ. ದೇವರನ್ನೇ ನಂಬಿದ ನಮ್ಮ ರೈತ ಇದೆಲ್ಲ ಬೇಡ ಅನ್ನಬೇಕಿತ್ತು. ಅನ್ನಲ್ಲ. ಸುಮ್ನೆ ಅಲ್ಲೊಂದು ಕಲ್ಲಿಟ್ಟು ಬರುತ್ತಾನೆ. ಬೆಳಿಗ್ಗೆ ಪಾದ್ರಿಯವರು ಬಂದು ಅದೇ ಕಲ್ಲಿನ ಮುಂದೆ ನಿಂತು ಪ್ರಾರ್ಥನೆ ಮಾಡುತ್ತಾರೆ. ಇವನಿಗೆ ಕಣ್ಣು ಮುಚ್ಚಲು ಆಗಲ್ಲ. ಸಾವಿರದ ಇನ್ನೂರು ಅಡಿಗೂ ಬಿಳಿ ಪುಡಿಯೇ. ರಿಗ್‌ನವರಿಗೆ ಕೊಡಬೇಕಾದ ದುಡ್ಡು ಎಣಿಸುವಾಗ ಹೆಂಡತಿ ಕೇಳುತ್ತಾಳೆ, "ಪಾದ್ರಿಯವರಿಗೆ ಕಾಯಿ ವಿಷಯ ಹೇಳ್ತೀಯಾ?"

ಅಲ್ಲಿಗೆ ನಿಲ್ಲಿಸಿದ್ದೇನೆ.

ಅಚ್ಚಿಗೆ ಕೊಡುವ ಮೊದಲು ಆ ಆಂಟಿಗೇ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಪೂರ್ತಿ ಓದಿದರು. ಆಮೇಲೆ ಕಾಗದದ ಮೇಲೆ ಬೆರಳಿಟ್ಟು ಅಂದರು: "ಸಾವಿರದ ಇನ್ನೂರಕ್ಕೇ ನಿಲ್ಲಿಸಿದ್ದೀಯಲ್ಲಪ್ಪಾ. ನಾವು ಸಾವಿರದ ಐನೂರು ತನಕ ಹೋಗಿದ್ವಿ. ಅದನ್ನ ತಿದ್ದು."