ಗುರುತಿಲ್ಲದ ಬೆಕ್ಕು ದಿನಾ ಬಾಗಿಲಿಗೆ ಬಂದರೆ ಊಟ ಹಾಕಬೇಕೇ?

ಪರ: ಹಾಕಿ, ಆದರೆ ಹೊತ್ತು ನೋಡಿ ಹಾಕಿ

ಬೆಕ್ಕೊಂದು ನಾಲ್ಕು ದಿನ ಒಂದೇ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಕೂತರೆ, ಅದು ನಿಮ್ಮ ಮನೆಯನ್ನು ತನ್ನ ಸುತ್ತಾಟದಲ್ಲಿ ಸೇರಿಸಿಕೊಂಡಿದೆ ಎಂದೇ ಲೆಕ್ಕ. ಓಡಿಸಿದರೆ ಪಕ್ಕದ ಕಾಂಪೌಂಡಿಗೆ ಹೋಗುತ್ತದೆ, ಅಲ್ಲಿಂದಲೂ ಓಡಿಸಿದರೆ ಕಸದ ರಾಶಿಗೆ. ಬೀದಿಯನ್ನಂತೂ ಬಿಡುವುದಿಲ್ಲ. ಹೆಣ್ಣಾದರೆ ನಾಲ್ಕೈದು ತಿಂಗಳ ಪ್ರಾಯಕ್ಕೇ ಬೆದೆಗೆ ಬರಬಹುದು. ಗಬ್ಬ ನಿಂತ 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ, ಮರಿಗಳು ಮೊಲೆ ಬಿಡುವ ಮೊದಲೇ ಮತ್ತೆ ಬೆದೆಗೆ ಬರುತ್ತದೆ. ಇದನ್ನು ನಿಲ್ಲಿಸುವುದು ಸಂತಾನಹರಣ ಶಸ್ತ್ರಚಿಕಿತ್ಸೆಯೊಂದೇ. ಅದಕ್ಕೆ ಬೆಕ್ಕು ಸಿಗಬೇಕು, ಬೆಕ್ಕು ಸಿಗಬೇಕಾದರೆ ಅದು ಯಾವ ಹೊತ್ತಿಗೆ ಎಲ್ಲಿ ಬರುತ್ತದೆಂದು ನಿಮಗೆ ಖಚಿತವಾಗಿ ಗೊತ್ತಿರಬೇಕು. ಹೊತ್ತು ಹೊತ್ತಿಗೆ ಇಡುವ ತಟ್ಟೆಯಿಂದಲೇ ಅದು ಗೊತ್ತಾಗುವುದು. ಶಸ್ತ್ರಚಿಕಿತ್ಸೆ ಮಾಡಿಸುವ ಮನಸ್ಸಿಲ್ಲದವರು ಊಟ ಹಾಕುವುದನ್ನು ನಾನೂ ಒಪ್ಪುವುದಿಲ್ಲ.

ಬೆಕ್ಕು ಎಂದ ಕೂಡಲೇ ಹಾಲಿನ ಬಟ್ಟಲು ಇಡುವುದು ನಮ್ಮ ರೂಢಿ. ಇದನ್ನು ಮೊದಲು ಬಿಡಬೇಕು. ಬೆಳೆದ ಬಹುಪಾಲು ಬೆಕ್ಕುಗಳಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಉಳಿದ ಸಾರು, ಹುಳಿ, ಮೀನುಸಾರಿನ ಅನ್ನವೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಉಪ್ಪು, ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಅಥವಾ ಮೂಳೆ ಬಿಡಿಸಿದ ಕೋಳಿ ಆದೀತು. ಸಸ್ಯಾಹಾರಿ ಮನೆಯವರು ಮೊಸರನ್ನ ಹಾಕಿ ಸಮಾಧಾನಪಟ್ಟುಕೊಳ್ಳಬಾರದು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ಬಹುಕಾಲ ಸಿಗದಿದ್ದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಅಂಥ ಮನೆಗಳಿಗೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರವೇ ಸುಲಭ. ನಾಯಿಯ ಆಹಾರ ತರಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವ ಖಾತ್ರಿ ಇಲ್ಲ.

ನಾಲ್ಕು ಕೆಜಿ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲೊರಿ ಸಾಕು. ಒಣ ಆಹಾರದ ಲೆಕ್ಕದಲ್ಲಿ ಇದು 55ರಿಂದ 65 ಗ್ರಾಂ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕಿ, ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಬಿಡಿ. ಇಡೀ ದಿನ ತಟ್ಟೆ ಇಟ್ಟ ಮನೆಗೆ ಹೆಗ್ಗಣ, ಕಾಗೆ, ಬೇರೆ ಗಂಡು ಬೆಕ್ಕುಗಳು ಬರುತ್ತವೆ, ನೆರೆಯವರ ತಕರಾರು ಶುರುವಾಗುವುದು ಇಲ್ಲಿಂದಲೇ. ಇರುವೆ ಮುತ್ತಿದರೆ ಅಗಲ ತಟ್ಟೆಗೆ ನೀರು ಹೊಯ್ದು ಅದರ ನಡುವೆ ಊಟದ ಬಟ್ಟಲು ಇಡಿ. ಕುಡಿಯುವ ನೀರು ಬೇರೆ ಪಾತ್ರೆಯಲ್ಲಿ, ಊಟದಿಂದ ಸ್ವಲ್ಪ ದೂರವಿರಲಿ.

ಅದು ತಿನ್ನುವಾಗ ದೂರದಿಂದಲೇ ಗಮನಿಸಿ. ಒಂದು ಕಿವಿಯ ತುದಿ ಕತ್ತರಿಸಿದಂತೆ ನೇರವಾಗಿದ್ದರೆ ಶಸ್ತ್ರಚಿಕಿತ್ಸೆ ಆಗಿದೆ, ನಿಮ್ಮ ಅರ್ಧ ಕೆಲಸ ಮುಗಿಯಿತು. ಹೊಟ್ಟೆಯ ಕೆಳಗೆ ಮೊಲೆತೊಟ್ಟು ಉಬ್ಬಿ ಗುಲಾಬಿಯಾಗಿದ್ದು, ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲೋ ಹತ್ತಿರದಲ್ಲೇ ಮರಿಗಳಿವೆ. ತಾಯಿಯನ್ನು ಈಗ ಹಿಡಿದರೆ ಅವು ಹಸಿವಿಗೇ ಸಾಯುತ್ತವೆ. ಮರಿಗಳು ತಾವೇ ತಿನ್ನಲು ಕಲಿಯುವವರೆಗೆ, ಅಂದರೆ ಆರರಿಂದ ಎಂಟು ವಾರ ಕಾಯಿರಿ.

ಹಿಡಿಯುವುದಕ್ಕೆ ಬಾಗಿಲು ತಾನಾಗಿ ಬೀಳುವ ಪಂಜರ ಬೇಕು. ಪ್ರಾಣಿ ದಯಾ ಸಂಸ್ಥೆಗಳು, ಕೆಲವು ಪಶುವೈದ್ಯರು ಇದನ್ನು ಎರವಲು ಕೊಡುತ್ತಾರೆ. ವೈದ್ಯರ ಬಳಿ ದಿನ ಗೊತ್ತುಮಾಡಿಕೊಂಡ ಮೇಲೆಯೇ ಪಂಜರ ತನ್ನಿ. ಮೊದಲ ಎರಡು ಮೂರು ದಿನ ಅದರ ಬಾಗಿಲನ್ನು ಹಗ್ಗದಿಂದ ತೆರೆದು ಕಟ್ಟಿ, ತಟ್ಟೆಯನ್ನು ದಿನಕ್ಕಿಷ್ಟು ಒಳಗೆ ಸರಿಸುತ್ತ ಹೋಗಿ. ಎಡವುವುದು ಹೆಚ್ಚಾಗಿ ಎರಡು ಕಡೆ. ಪಂಜರ ಸಮತಟ್ಟಾಗಿ ಕೂರದೆ ಅಲುಗಾಡಿದರೆ ಬೆಕ್ಕು ಕಾಲಿಟ್ಟು ಹಿಂದೆಗೆಯುತ್ತದೆ, ಮತ್ತೆ ವಾರಗಟ್ಟಲೆ ಹತ್ತಿರ ಬರುವುದಿಲ್ಲ. ತಂತಿಯ ತಳ ಪಾದಕ್ಕೆ ಒತ್ತಿದರೂ ಹಾಗೆಯೇ, ಆದ್ದರಿಂದ ಒಳಗೆ ಪತ್ರಿಕೆ ಹಾಸಿ. ಹಿಡಿಯುವ ದಿನ ಹಿಂದಿನ ಹೊತ್ತಿನ ಊಟ ತಪ್ಪಿಸಿ, ಬಂಗುಡೆಯ ಸಣ್ಣ ತುಂಡನ್ನು ಮೆಟ್ಟುಹಲಗೆಯ (ತುಳಿದೊಡನೆ ಬಾಗಿಲು ಬೀಳಿಸುವ ಹಲಗೆ) ಆಚೆ ಇಡಿ. ಬಾಗಿಲು ಬಿದ್ದ ಕ್ಷಣ ದಪ್ಪ ಬೆಡ್‌ಶೀಟ್ ಮುಚ್ಚಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ, ತೆರೆದೇ ಬಿಟ್ಟರೆ ಮೂತಿಯನ್ನು ತಂತಿಗೆ ಗುದ್ದಿ ಗಾಯ ಮಾಡಿಕೊಳ್ಳುತ್ತದೆ. ಪಂಜರ ಹೂಡಿಟ್ಟು ಆಫೀಸಿಗೆ ಹೋಗಬೇಡಿ, ಏಪ್ರಿಲ್ ಬಿಸಿಲಲ್ಲಿ ಸಿಕ್ಕಿಕೊಂಡ ಬೆಕ್ಕಿಗೆ ಒಂದೆರಡು ಗಂಟೆಯೇ ಪ್ರಾಣಾಂತಿಕ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗಲೇ ರೇಬಿಸ್ ಲಸಿಕೆ ಹಾಕಿಸಿ, ಕಿವಿಗುರುತು ಮಾಡಿಸಿ. ಗಂಡನ್ನು ಒಂದು ದಿನ, ಹೆಣ್ಣನ್ನು ಎರಡು ಮೂರು ದಿನ ಒಳಗಿಟ್ಟುಕೊಂಡು ಹಿಡಿದ ಜಾಗಕ್ಕೇ ಬಿಡಿ. ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ಟಿಗೆ ಬಿಟ್ಟು ಬರುವ ಅಭ್ಯಾಸ ಕ್ರೂರವಾದದ್ದು. ಅಲ್ಲಿ ಜಾಗ ಹಿಡಿದಿರುವ ಬೆಕ್ಕುಗಳು ಹೊಸದನ್ನು ಹೊಡೆದು ಓಡಿಸುತ್ತವೆ, ಇಲ್ಲಿ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಅಪಾರ್ಟ್‌ಮೆಂಟ್ ಸಂಘದವರು ಊಟ ಹಾಕುವಂತಿಲ್ಲ ಎಂದು ನೋಟಿಸ್ ಅಂಟಿಸಿದರೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ತೋರಿಸಿ. ಆವರಣದಲ್ಲಿ ವಾಸಿಸುವ ಸಮುದಾಯ ಪ್ರಾಣಿಗಳ ಊಟಕ್ಕೆ ವ್ಯವಸ್ಥೆ ಮಾಡುವ ಹೊಣೆಯನ್ನು ಆ ನಿಯಮಗಳು ಸಂಘದ ಮೇಲೇ ಹೊರಿಸುತ್ತವೆ. ಊಟದ ಜಾಗ ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಗೇಟುಗಳಿಂದ ದೂರವಿರಬೇಕೆಂಬ ಷರತ್ತೂ ಅದರಲ್ಲಿದೆ, ಅದನ್ನು ನೀವು ಪಾಲಿಸಿ.

ವಿರೋಧ: ಮೊದಲು ಅದು ಯಾರದೆಂದು ಕೇಳಿ

ಬಾಗಿಲಿಗೆ ಬಂದ ಬೆಕ್ಕೆಲ್ಲ ಹಸಿದ ಬೆಕ್ಕು ಎಂಬ ಊಹೆಯಲ್ಲೇ ತೊಡಕಿದೆ. ಮೈ ತುಂಬಿಕೊಂಡು, ಕೂದಲು ನುಣುಪಾಗಿದ್ದು, ಬಾಲ ನೆಟ್ಟಗೆ ಎತ್ತಿ ಮನುಷ್ಯರ ಕಾಲಿಗೆ ಸವರುವ ಬೆಕ್ಕು ಬಹುಮಟ್ಟಿಗೆ ಯಾರದೋ ಮನೆಯದು. ಅದಕ್ಕೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದು ವೈದ್ಯರು ಪಥ್ಯ ಹೇಳಿರಬಹುದು. ನೀವು ಹಾಕಿದ ಮೀನು ಆ ಪಥ್ಯ ಕೆಡಿಸುತ್ತದೆ, ಅಲ್ಲಿ ಮನೆಯವರು ಬೆಕ್ಕು ಊಟ ಬಿಟ್ಟಿದೆ ಎಂದು ಗಾಬರಿಯಾಗುತ್ತಾರೆ. ದಾರಿ ತಪ್ಪಿ ಬಂದ ಬೆಕ್ಕಾದರೆ ಇನ್ನೂ ಕಷ್ಟ. ಊಟ ಸಿಕ್ಕ ಕಡೆ ಅದು ನಿಂತುಬಿಡುತ್ತದೆ, ಹುಡುಕುತ್ತಿರುವವರು ಒಂದು ತಿಂಗಳ ಮೇಲೆ ಆಸೆ ಬಿಡುತ್ತಾರೆ.

ತಟ್ಟೆಗಿಂತ ಮೊದಲು ಮಾಡಬೇಕಾದದ್ದು ಕಾಗದದ ಕೊರಳಪಟ್ಟಿ. ಬೆಕ್ಕು ತಾನಾಗಿ ಮುಟ್ಟಿಸಿಕೊಂಡರೆ ಮಾತ್ರ ಇದನ್ನು ಮಾಡಿ. ಸಾಮಾನ್ಯ ಬಿಳಿ ಕಾಗದದಿಂದ ಎರಡು ಸೆಂಟಿಮೀಟರ್ ಅಗಲ, ಮೂವತ್ತು ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ, ‘ಈ ಬೆಕ್ಕು ನಿಮ್ಮದೇ? ದಯವಿಟ್ಟು ಫೋನ್ ಮಾಡಿ’ ಎಂದು ಬರೆದು ನಂಬರ್ ಹಾಕಿ. ಮಳೆಗಾಲದಲ್ಲಿ ಪೆನ್ಸಿಲಿನಿಂದ ಬರೆಯಿರಿ, ಶಾಯಿ ಕಲೆಸಿಹೋಗುತ್ತದೆ. ಕುತ್ತಿಗೆಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟು, ತುದಿಗಳನ್ನು ಒಂದೇ ತುಂಡು ಸೆಲ್ಲೋಟೇಪಿನಿಂದ ಅಂಟಿಸಿ. ದಾರ, ರಬ್ಬರ್ ಬ್ಯಾಂಡ್ ಎಂದೂ ಬೇಡ. ಕೊಂಬೆಗೆ ಸಿಕ್ಕಿಕೊಂಡಾಗ ಕಾಗದ ಹರಿಯುತ್ತದೆ, ದಾರ ಕುತ್ತಿಗೆ ಬಿಗಿಯುತ್ತದೆ. ಪಟ್ಟಿ ಬಿಚ್ಚಿಸಿಕೊಂಡು ಬಂದರೆ ಯಾರೋ ಓದಿರಬಹುದು, ಇನ್ನೊಮ್ಮೆ ಕಟ್ಟಿ. ಜೊತೆಗೆ ಸೆಕ್ಯುರಿಟಿಯವರನ್ನು, ಹಾಲು ಹಾಕುವವರನ್ನು, ಬೀದಿಯ ವಾಟ್ಸ್‌ಆ್ಯಪ್ ಗುಂಪನ್ನು ಕೇಳಿ. ಫೋಟೊ ಹಾಕುವಾಗ ಒಂದು ಗುರುತನ್ನು, ಉದಾಹರಣೆಗೆ ಹೊಟ್ಟೆಯ ಮೇಲಿನ ಮಚ್ಚೆಯನ್ನು, ಮುಚ್ಚಿಟ್ಟುಕೊಳ್ಳಿ. ನಮ್ಮದೇ ಎಂದು ಬಂದವರು ಅದನ್ನು ಹೇಳಬೇಕು. ಹತ್ತಿರದ ಪಶುವೈದ್ಯರಲ್ಲಿ ಸ್ಕ್ಯಾನರ್ ಇದ್ದರೆ ಚರ್ಮದಡಿ ಹಾಕಿಸಿದ ಗುರುತಿನ ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆಯೂ ಸಿಕ್ಕೀತು.

ಮನೆಯಲ್ಲಿ ಆಗಲೇ ಬೆಕ್ಕಿರುವವರು ಹೊರಗಿನದಕ್ಕೆ ತಟ್ಟೆ ಇಡಲೇಬಾರದು. ಪ್ಯಾನ್‌ಲ್ಯೂಕೊಪೀನಿಯಾ ಎಂಬ ಬೆಕ್ಕಿನ ಮಾರಕ ಕಾಯಿಲೆಯ ವೈರಸ್ ತಗಲುವುದಕ್ಕೆ ಎರಡು ಬೆಕ್ಕು ಮುಖಾಮುಖಿ ಆಗಬೇಕಾಗಿಲ್ಲ. ತಟ್ಟೆ, ಚಪ್ಪಲಿ, ನಿಮ್ಮ ಕೈಯೇ ಸಾಕು. ಮನೆಯೊಳಗೆ ಅದು ಒಂದು ವರ್ಷದವರೆಗೂ ಉಳಿಯಬಲ್ಲದು, ಲಸಿಕೆಯಿಲ್ಲದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಸಾಮಾನ್ಯ ಫಿನಾಯಿಲಿನಿಂದ ಅದು ನಾಶವಾಗುತ್ತದೆಂದು ನಂಬುವಂತಿಲ್ಲ. ನೆಲವನ್ನು ಸೋಪಿನಿಂದ ತೊಳೆದ ಮೇಲೆ ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್ ಬ್ಲೀಚ್ ಬೆರೆಸಿ ಹತ್ತು ನಿಮಿಷ ನಿಲ್ಲಿಸಿ ತೊಳೆಯಬೇಕು. ಹೊರಗಿನ ಬೆಕ್ಕು ಕಿಟಕಿಯಾಚೆ ಕಂಡರೂ ಸಾಕು, ಒಳಗಿನದು ಗೋಡೆಗೆ ಮೂತ್ರ ಚಿಮ್ಮಿಸಲು ಶುರುಮಾಡಬಹುದು.

ಕಚ್ಚುವ ಅಪಾಯವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಬೆಕ್ಕಿನ ಹಲ್ಲು ತೆಳು, ಗಾಯದ ಬಾಯಿ ಬೇಗ ಮುಚ್ಚಿ ಒಳಗೆ ಕೀವು ಕಟ್ಟುತ್ತದೆ, ಮರುದಿನಕ್ಕೆ ಕೈ ಊದಿರುತ್ತದೆ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ರಕ್ತ ಬರುವಂತೆ ಪರಚಿದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0 (ಮೊದಲ ಲಸಿಕೆಯ ದಿನ), 3, 7, 28ನೇ ದಿನ, ಸ್ನಾಯುವಿಗಾದರೆ 14ನೇ ದಿನ ಇನ್ನೊಂದು. ಚರ್ಮ ಹರಿದಿದ್ದರೆ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ.

ಬರುವುದನ್ನು ತಪ್ಪಿಸುವುದು ಹೇಗೆ? ಏನು ಕರೆಯುತ್ತಿದೆ ಎಂದು ನೋಡಿ: ರಾತ್ರಿ ಹೊರಗಿಟ್ಟ ಕಸದ ಚೀಲ, ಮೀನು ತೊಳೆದ ನೀರು, ಅಡುಗೆಮನೆಯ ಕಿಟಕಿ, ಅಟ್ಟದ ಇಲಿ. ಕಿಟಕಿಗೆ ಲೋಹದ ಜಾಲರಿ ಹಾಕಿ, ನೈಲಾನ್ ಸೊಳ್ಳೆಪರದೆಯನ್ನು ಉಗುರಿನಿಂದ ಸೀಳುತ್ತದೆ. ಹೂಕುಂಡವನ್ನು ಕಕ್ಕಸು ಮಾಡಿಕೊಂಡಿದ್ದರೆ ಮಣ್ಣಿನ ಮೇಲೆ ಕೋಳಿಬಲೆ ಅಡ್ಡಲಾಗಿ ಹಾಸಿ ಅಥವಾ ತೆಂಗಿನ ಸಿಪ್ಪೆ ಒತ್ತಾಗಿ ಜೋಡಿಸಿ. ಗರ್ಭಿಣಿಯರು ಆ ಮಣ್ಣನ್ನು ಬರಿಗೈಯಲ್ಲಿ ಮುಟ್ಟಬಾರದು, ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಇರಬಹುದು. ಗಂಡು ಬೆಕ್ಕು ಚಿಮ್ಮಿಸಿದ ಜಾಗಕ್ಕೆ ಎಂಜೈಮ್ ಇರುವ ಕ್ಲೀನರ್ ಹಾಕಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಬೆಕ್ಕಿಗೆ ಇನ್ನೊಂದು ಬೆಕ್ಕಿನ ಮೂತ್ರದಂತೆಯೇ ಅನಿಸಿ ಅಲ್ಲೇ ಮತ್ತೆ ಚಿಮ್ಮಿಸುತ್ತದೆ. ಬೆಕ್ಕು ಬರದಿರಲೆಂದು ಫಿನಾಯಿಲ್ ಸುರಿಯುವುದು, ನುಸಿಗುಳಿಗೆ ಚೆಲ್ಲುವುದು ಬೇಡವೇ ಬೇಡ. ಫಿನಾಲಿನಂಥ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ತುಳಿದ ಪಾದವನ್ನು ನೆಕ್ಕಿಕೊಂಡರೆ ವಿಷವೇರುತ್ತದೆ. ಬೇಕೆಂದೇ ವಿಷವಿಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಿದೆ.

ಶಸ್ತ್ರಚಿಕಿತ್ಸೆಯ ಮಾತು ನನಗೂ ಒಪ್ಪಿಗೆ. ಅದಕ್ಕೆ ವಾರ ಹತ್ತು ದಿನದ ಊಟ ಸಾಕು, ವರ್ಷಗಟ್ಟಲೆಯ ತಟ್ಟೆ ಬೇಕಾಗಿಲ್ಲ. ಬೆಂಗಳೂರಿನಲ್ಲಿ 11 ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆಯಲ್ಲಿರುವವರು ಇದನ್ನು ಯೋಚಿಸಲೇಬೇಕು: ಮನೆ ಖಾಲಿ ಮಾಡಿದ ಮೇಲೂ ಬೆಕ್ಕು ಅದೇ ಹೊತ್ತಿಗೆ ಬರುತ್ತದೆ, ಹೊಸ ಬಾಡಿಗೆದಾರರ ಕೈಯಲ್ಲಿ ದೊಣ್ಣೆ ಇರಬಹುದು. ಎರಡು ವಾರ ಹುಡುಕಿದರೂ ಯಾರೂ ಬರದಿದ್ದರೆ, ಬೆಕ್ಕು ಬೇಕೆಂದೂ ಅನ್ನಿಸಿದರೆ, ಪೂರ್ತಿಯಾಗಿ ಒಳಗೆ ತೆಗೆದುಕೊಳ್ಳಿ: ಮೊದಲ ಎರಡು ವಾರ ಬೇರೆ ಕೋಣೆ, ಜಂತುಹುಳುವಿನ ಔಷಧ, ಲಸಿಕೆ, ಎಫ್‌ಐವಿ ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎರಡು ವೈರಸ್‌ಗಳು) ರಕ್ತಪರೀಕ್ಷೆ, ಆಮೇಲೆ ಶಸ್ತ್ರಚಿಕಿತ್ಸೆ.