ನಿಂತ ಕಾರಿನ ವೇಗ ಎಷ್ಟಿತ್ತು?

ವಿಮೆಯ ಕ್ಲೇಮ್ ಫಾರಮಿನಲ್ಲಿ ‘ಅಪಘಾತದ ಸಮಯದಲ್ಲಿ ವಾಹನದ ವೇಗ’ ಎಂದೊಂದು ಕಾಲಂ ಇತ್ತು. ಸೊನ್ನೆ ಎಂದು ಬರೆದೆ. ಅದರ ಕೆಳಗೆ ಚಾಲಕನ ಹೆಸರು, ಲೈಸೆನ್ಸ್ ಸಂಖ್ಯೆ. ಚಾಲಕನು ಆ ಹೊತ್ತಿಗೆ ಇನ್ನೂರು ಮಾರು ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಯಕ್ಷಗಾನ ಬಯಲಾಟ ನೋಡುತ್ತಿದ್ದ ಎಂದು ಬರೆಯಲು ಜಾಗವಿರಲಿಲ್ಲ.

ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ನೀರ್ಚಾಲಿಗೆ ಸ್ವಲ್ಪ ಇತ್ತ ಕಾರು ನಿಲ್ಲಿಸಿದ್ದೆ. ಕಾಲಮಿತಿಯ ಆಟವಲ್ಲ, ಬೆಳಗಿನವರೆಗಿನ ಆಟ. ಈಗ ಅಂಥದ್ದು ಸಿಗುವುದೇ ಅಪರೂಪ. ಮಂಗಳ ಹಾಡಿದ ಮೇಲೆ ಕಣ್ಣುಜ್ಜಿಕೊಳ್ಳುತ್ತ ಬಂದು ನೋಡಿದರೆ ಬಲಗಡೆಯ ಹಿಂದಿನ ಬಾಗಿಲು ಒಳಗೆ ಹೋಗಿತ್ತು, ಬಂಪರ್ ಒಂದು ಕಡೆ ಕಳಚಿತ್ತು, ಕನ್ನಡಿ ವಯರಿನಲ್ಲಿ ಜೋತಾಡುತ್ತಿತ್ತು. ಕಾರಿನ ಮೈಮೇಲೆ ಕೆಂಪುಕಲ್ಲಿನ ಪುಡಿ. ನೆಲದಲ್ಲಿ ಹೆಬ್ಬೆರಳಿನಷ್ಟು ಕಿತ್ತಳೆ ಬಣ್ಣದ ಇಂಡಿಕೇಟರ್ ಚೂರು. ಅದು ನನ್ನ ಕಾರಿನದ್ದಲ್ಲ. ಬೆಳಗಿನ ಜಾವಕ್ಕೇ ಹೊರಡುವ ಕಲ್ಲಿನ ಲಾರಿಗಳನ್ನು ಬಲ್ಲ ನಮ್ಮ ಊರಿನವರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೆ ಪುಡಿಗೆ ನಂಬರ್ ಪ್ಲೇಟ್ ಇರುವುದಿಲ್ಲವಲ್ಲ.

ವಿಮೆಯ ಏಜೆಂಟನಿಗೆ ಫೋನ್ ಮಾಡಿದೆ. ನನ್ನ ಹಳೆಯ ಶಿಷ್ಯ, ಒಳ್ಳೆಯವನೇ. “ಮಾಷ್ಟ್ರೇ, ನಿಮ್ಮದೇ ಗೇಟಿಗೆ ತಾಗಿತು ಎಂದು ಬರೆದುಬಿಡಿ. ಗೊತ್ತಿಲ್ಲದ ಲಾರಿ ಎಂದರೆ ಪೊಲೀಸು, ಠಾಣೆಯ ಜನರಲ್ ಡೈರಿಯಲ್ಲಿ (ಜಿ.ಡಿ.) ಎಂಟ್ರಿ, ಎಲ್ಲ ಆಗಬೇಕು” ಎಂದ. ಅವನ ಮಾತಿನಲ್ಲಿ ಕಪಟವೇನೂ ಇರಲಿಲ್ಲ, ನನ್ನ ಮೇಲಿನ ಕನಿಕರವೇ ಇತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಸುಳ್ಳು ಹೇಳಿದರೆ ಒಂದು ದಿನದ ಕೆಲಸ, ನಿಜ ಹೇಳಿದರೆ ಒಂದು ವಾರದ ಅಲೆದಾಟ. ಅಲ್ಲದೆ ನನ್ನ ಗೇಟು ಇರುವುದು ಸೊಂಟದ ಎತ್ತರಕ್ಕೆ. ಗೀರು ಇದ್ದದ್ದು ಅದಕ್ಕಿಂತ ಮೇಲೆ. ಹಾನಿ ಅಳೆಯಲು ವಿಮಾ ಕಂಪೆನಿ ಕಳಿಸುವ ಸರ್ವೇಯರ್, ಕಣ್ಣಿರುವವನಾದರೆ, ಒಂದೇ ನೋಟಕ್ಕೆ ಹಿಡಿಯುತ್ತಾನೆ. ಸುಳ್ಳು ವಿವರ ಕೊಟ್ಟರೆ ಕ್ಲೇಮನ್ನೇ ತಿರಸ್ಕರಿಸಬಹುದು ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ.

ಠಾಣೆಗೆ ಹೋದೆ. ಅರ್ಜಿ ಕನ್ನಡದಲ್ಲಿತ್ತು. “ಮಲಯಾಳದಲ್ಲಿ ಬರೆದುಕೊಡಬಹುದಾ ಮಾಷೇ?” ಎಂದು ಕೇಳಿದರು, ವಿನಯದಿಂದಲೇ. ಕೇರಳದ 1969ರ ರಾಜ್ಯಭಾಷಾ ಕಾಯ್ದೆಯೇ ನಮಗೆ ಕನ್ನಡದಲ್ಲಿ ಬರೆಯುವ ಹಕ್ಕು ಕೊಟ್ಟಿದೆ ಎಂದೆ, ನಾನೂ ವಿನಯದಿಂದಲೇ. ತೆಗೆದುಕೊಂಡರು. ಹೀಗೆ ಅರ್ಜಿ ಕನ್ನಡದಲ್ಲಿ, ಜಿ.ಡಿ. ಮಲಯಾಳದಲ್ಲಿ, ಕ್ಲೇಮ್ ಫಾರಂ ಇಂಗ್ಲಿಷಿನಲ್ಲಿ. ವಾಹನ ಅಪಘಾತದ ಜಿ.ಡಿ.ಗೆ ಪೊಲೀಸರ ಪೋಲ್-ಆಪ್‌ನಲ್ಲೇ ಅರ್ಜಿ ಹಾಕಬಹುದು ಎಂದು ಆಮೇಲೆ ತಿಳಿಯಿತು. ನಿಮಗಾದರೂ ಉಪಯೋಗಕ್ಕೆ ಬರಲಿ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು ಇಲ್ಲಿ ಮಾತ್ರ ಸುಮ್ಮನಿರಲಾರೆ.

ಕಾರು ಕಂಪೆನಿಯ ವರ್ಕ್‌ಶಾಪಿನವರು ಕೊಟ್ಟ ಅಂದಾಜು 24,000 ರೂಪಾಯಿ. ನನ್ನ ಕಾರಿಗೆ ಏಳು ವರ್ಷ. ‘ಬಂಪರ್ ಟು ಬಂಪರ್’ ಎನ್ನುವ ಹೆಚ್ಚುವರಿ ರಕ್ಷಣೆ ಮಾಡಿಸಿರಲಿಲ್ಲ. ಹಾಗಾಗಿ ಸವಕಳಿ ಎಂದು ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50, ಲೋಹದ ಭಾಗಗಳಿಗೆ ಶೇ. 40 ಕಡಿತ. ಅದರ ಮೇಲೆ ಕಡ್ಡಾಯವಾಗಿ ನಾನೇ ಹೊರಬೇಕಾದ 1,000. ಎಲ್ಲ ಕಳೆದು ಸರ್ವೇಯರ್ ಹೇಳಿದ ಮೊತ್ತ ಹತ್ತಿರ ಹತ್ತಿರ 13,000. ಅಂದರೆ 11,000 ನನ್ನ ಕೈಯಿಂದ.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ವರ್ಷಗಟ್ಟಲೆ ಕ್ಲೇಮ್ ಮಾಡದೆ ಶೇ. 50ರ ನೋ ಕ್ಲೇಮ್ ಬೋನಸ್, ಅಂದರೆ ಸ್ವಂತ ಕಾರಿನ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ರಿಯಾಯಿತಿ, ಕೂಡಿಸಿಕೊಂಡಿದ್ದೆ. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆ. ಆಮೇಲೆ ಮತ್ತೆ 20, 25, 35, 45 ಎಂದು ಒಂದೊಂದೇ ಮೆಟ್ಟಿಲು. ಕಳೆದುಕೊಳ್ಳುವುದನ್ನು ಕೂಡಿಸಿ ನೋಡಿ: ಮೊದಲ ವರ್ಷ 50, ಆಮೇಲೆ 30, 25, 15, 5. ಒಟ್ಟು ಶೇ. 125. ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯುವ ಮೊದಲು ವರ್ಷಕ್ಕೆ 8,000 ಎಂದಿಟ್ಟುಕೊಂಡರೆ 10,000 ರೂಪಾಯಿ. 13,000 ಪಡೆಯಲು 10,000 ಬಿಟ್ಟುಕೊಡಬೇಕು!

ತಪ್ಪು ಯಾರದು ಎಂದು ಈ ಬೋನಸ್ ಕೇಳುವುದೇ ಇಲ್ಲ, ಕ್ಲೇಮ್ ಆಯಿತೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಕುಡಿದು ಗಾಡಿ ಓಡಿಸಿ ಯಾರಿಗೂ ಸಿಕ್ಕಿಬೀಳದವನ ಬೋನಸ್ ಭದ್ರ. ನಿಲ್ಲಿಸಿದ ಕಾರಿಗೆ ಗುದ್ದಿಸಿಕೊಂಡವನದ್ದು ಸೊನ್ನೆ. ಬೋನಸ್ ಉಳಿಸಿಕೊಳ್ಳಲು ಬೇರೆ ರಕ್ಷಣೆ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕು ಎಂದು ಶಿಷ್ಯ ನೆನಪಿಸಿದ. ಬೇರೆಯವರ ತಪ್ಪಿನಿಂದ ನನ್ನ ಬೋನಸ್ ಉಳಿಸಲು ನಾನೇ ದುಡ್ಡು ಕೊಡುವುದು ಯಾವ ನ್ಯಾಯ? ಪೊಲೀಸ್ ದಾಖಲೆ ಇದ್ದು, ಗಾಡಿ ನಿಂತಿತ್ತು ಎಂದು ಸರ್ವೇಯರನೇ ಒಪ್ಪಿದ ಮೇಲೆ ಬೋನಸ್ ಮುಟ್ಟಬಾರದು ಎಂಬ ನಿಯಮ ತರಲು ಏನು ಕಷ್ಟ?

ಗುದ್ದಿ ಓಡಿಹೋದ ಪ್ರಕರಣಗಳಿಗೆ ಸರ್ಕಾರದ ಪರಿಹಾರ ಇದೆಯಲ್ಲ ಎಂದು ಒಬ್ಬರು ಕೇಳಿದರು. ಇದೆ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದು ಮನುಷ್ಯರಿಗೆ, ಕಾರಿನ ಬಾಗಿಲಿಗಲ್ಲ. ಹಾಗೇ ಇರಬೇಕಾದದ್ದು ಕೂಡ.

ಕ್ಲೇಮ್ ಹಿಂದೆ ತೆಗೆದುಕೊಂಡೆ. ಹಣವೇನೂ ಕೊಡದೆ ಮುಗಿಸಿದ್ದೇವೆ ಎಂದು ವಿಮಾ ಕಂಪೆನಿಯವರಿಂದ ಬರೆಸಿಕೊಂಡೆ; ಬೋನಸ್ ಪ್ರಶ್ನೆ ಎದ್ದಾಗ ತೋರಿಸಲು ಕಾಗದ ಇರಲಿ ಎಂದು. ಬದಿಯಡ್ಕದಲ್ಲಿ ಟಿಂಕರಿಂಗ್ ಮಾಡುವವರೊಬ್ಬರು 14,000ಕ್ಕೆ ಬಾಗಿಲನ್ನು ಬಡಿದು, ಪುಟ್ಟಿ ಹಾಕಿ, ಬಣ್ಣ ಬಳಿದುಕೊಟ್ಟರು. ಬಿಸಿಲಿಗೆ ನಿಲ್ಲಿಸಿದರೆ ಆ ಬಾಗಿಲು ಮಾತ್ರ ಒಂದು ಪಾಲು ಹೆಚ್ಚು ಬಿಳಿ ಕಾಣುತ್ತದೆ.

ಲಾರಿಯವರೇ, ನಿಮ್ಮ ಥರ್ಡ್ ಪಾರ್ಟಿ ವಿಮೆಯಲ್ಲಿ ಅನ್ಯರ ಸ್ವತ್ತಿನ ಹಾನಿಗೆ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ವೈಪರಿನಡಿ ಒಂದು ಚೀಟಿ ಸಿಕ್ಕಿಸಿ ಹೋಗಿದ್ದರೆ ಸಾಕಿತ್ತು. ನಿಮ್ಮ ಇಂಡಿಕೇಟರಿನ ಚೂರು ನನ್ನ ಮೇಜಿನ ಮೇಲಿದೆ. ಬಂದು ತೆಗೆದುಕೊಂಡು ಹೋಗಿ, ಚಹಾ ಕೊಡುತ್ತೇನೆ.