ಎಂಟು ಕಾಲಾಳು, ಆರು ಬಿರಡೆ

ಗಿಟಾರಿನ ಎರಡನೆಯ ತಂತಿ ಸ್ವಲ್ಪ ಇಳಿದಿತ್ತು. ಏರಿಸೋಣವೆಂದು ಬಿರಡೆಗೆ ಕೈ ಹಾಕಿದರೆ ಅದರ ಗುಂಡಿ ಹಳೆಯ ಗೋಡೆಯ ಸುಣ್ಣದಂತೆ ಬೆರಳ ಸಂದಿಯಲ್ಲಿ ಪುಡಿಯಾಯಿತು. ಹಳೆಯ ಪ್ಲಾಸ್ಟಿಕ್ಕಿಗೆ ಈ ಚಾಳಿ ಇದೆ. 1950ರ ದಶಕದ ಎಷ್ಟೋ ಒಳ್ಳೆಯ ಗಿಟಾರ್‌ಗಳ ಗುಂಡಿಗಳೂ ಹೀಗೆಯೇ ಮುದುಡಿ, ಬಿರಿದು, ಉದುರಿಹೋಗಿವೆ. ಒಂದು ವಾರ ಇಕ್ಕಳ ಹಿಡಿದು ಶ್ರುತಿ ಮಾಡಿದೆ. ನೋಡಿದವರದೆಲ್ಲ ಒಂದೇ ಮಾತು: "ಹೊಸ ಸೆಟ್ ಹಾಕಿಸಿಬಿಡಿ."

ಈ ಹಾಕಿಸಿಬಿಡುವವರನ್ನು ಕಂಡರೆ ನನಗಾಗದು. ಕೊಡೆಯ ಒಂದು ಕಡ್ಡಿ ಮುರಿದರೂ ಅವರಿಗೆ ಹೊಸ ಕೊಡೆಯೇ ಬೇಕು. ಅವರ ಮೇಲಿನ ಹಟಕ್ಕೇ ಆರೂ ಗುಂಡಿಗಳನ್ನು ಮರದಲ್ಲಿ ನಾನೇ ಮಾಡುತ್ತೇನೆಂದು ಕೂತೆ.

ಪಿಟೀಲಿನ ಬಿರಡೆಗೆ ಕರಿಮರ, ಬೀಟೆ, ಬಾಕ್ಸ್‌ವುಡ್ ಬಳಸುತ್ತಾರೆ. ಕರಿಮರ ಎಂದೊಡನೆ ಅಟ್ಟದ ಮೇಲಿನ ಚದುರಂಗದ ಪೆಟ್ಟಿಗೆ ನೆನಪಾಯಿತು. ಅದು ನನ್ನದೇ, ಆದರೆ ಅದರ ಮೇಲೆ ಹಕ್ಕು ಭಾವನವರದು. ಬಂದಾಗಲೆಲ್ಲ ಬಿಳಿ ಕಾಯಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಒಂದು ನಡೆಗೆ ಅರ್ಧ ಗಂಟೆ ಯೋಚಿಸುತ್ತಾರೆ. ನಾನು ಎರಡು ನಿಮಿಷ ತಡೆದರೆ "ನಿದ್ದೆ ಬಂತೇನಯ್ಯಾ?" ಎನ್ನುತ್ತಾರೆ. ಸೋಲುವ ಸೂಚನೆ ಕಂಡರೆ ಬಸ್ಸಿಗೆ ಹೊತ್ತಾಗುತ್ತದೆ. ಹನ್ನೆರಡು ವರ್ಷಗಳಲ್ಲಿ ಅವರು ಒಮ್ಮೆಯೂ ಸೋತಿಲ್ಲ, ಹನ್ನೊಂದು ಬಾರಿ ಬಸ್ಸು ಹಿಡಿದಿದ್ದಾರೆ. ಎಣಿಸಿಟ್ಟಿದ್ದೇನೆ. ಆದ್ದರಿಂದ ಎಂಟು ಕರಿ ಕಾಲಾಳುಗಳನ್ನು ತೆಗೆದುಕೊಳ್ಳುವಾಗ ನನಗೆ ಪಾಪಪ್ರಜ್ಞೆ ಕಾಡಲಿಲ್ಲ. ಆರು ಗುಂಡಿಗೆ, ಎರಡು ತಪ್ಪಿಗೆ.

ಬುಡ ಕತ್ತರಿಸಿ, ಕೊರಳಿಗೆ ಕೆಳಗಿನಿಂದ ತೂತು ಕೊರೆದು, ತಲೆಯನ್ನು ಎರಡೂ ಬದಿ ಅರದಿಂದ ಚಪ್ಪಟೆ ಮಾಡಿದರೆ ಗುಂಡಿ. ಹೇಳುವುದಕ್ಕೆ ಇಷ್ಟೇ. ಆದರೆ ತೂತು ದುಂಡಗೆ, ಅದರೊಳಗೆ ಹೋಗಬೇಕಾದ ಕಡ್ಡಿ ಚಪ್ಪಟೆ. ಮೊದಲನೆಯದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಎಳೆಯ ಗುಂಟ ಎರಡು ಹೋಳಾಯಿತು. ಎರಡನೆಯದನ್ನು ಇನ್ನೂ ಮೆಲ್ಲಗೆ ತಟ್ಟಿದೆ, ಅದೂ ಅಷ್ಟೇ. ಸೂಜಿಯರದಿಂದ ತೂತನ್ನೇ ಚಪ್ಪಟೆ ಮಾಡಿಕೊಂಡು ಎಪಾಕ್ಸಿ ಅಂಟು ತುಂಬಬೇಕೆಂದು ಹೊಳೆಯುವಷ್ಟರಲ್ಲಿ ಮೂರನೆಯದೂ ಸೀಳಿತ್ತು. ಉಳಿದದ್ದು ಐದು.

ಅವುಗಳ ತಲೆಗೆ ಅರ ತಾಗಿಸಿದರೆ ಕಪ್ಪು ಉದುರಿ ಒಳಗೆ ತಿಳಿಹಳದಿ ಮರ! ಕರಿಮರವೂ ಅಲ್ಲ, ಮಣ್ಣೂ ಅಲ್ಲ, ಬರೀ ಬಣ್ಣ. ಆರನೆಯದಕ್ಕೆ ಒಂದು ಬಿಳಿ ಕಾಲಾಳನ್ನು ಬಲಿ ಕೊಟ್ಟೆ. ಉಜ್ಜಿ ಮುಗಿಸಿದ ಮೇಲೆ ಅದು ಆ ಐದರ ನಡುವೆ ಗುರುತೇ ಸಿಗದಂತೆ ಬೆರೆತುಹೋಯಿತು. ಇದರಿಂದ ಒಂದು ತತ್ವ ಹಿಂಡಬಹುದಿತ್ತು. ನನಗೆ ಬೆರಳು ಉರಿಯುತ್ತಿತ್ತು.

ಆರೂ ಒಂದೇ ಅಳತೆಯವಲ್ಲ. ನಾಲ್ಕನೆಯದಕ್ಕೆ ಒಂದು ಮೂಲೆ ಚೂಪಾಗಿ ಉಳಿದಿದೆ. ನನ್ನ ಗಿಟಾರಿನಲ್ಲಿ ಗುಂಡಿಯನ್ನು 14 ಸುತ್ತು ತಿರುಗಿಸಿದರೆ ತಂತಿ ಸುತ್ತುವ ಕಂಬ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ಹೊಸ ತಂತಿ ಹಾಕುವಾಗೆಲ್ಲ ಆ ಮೂಲೆ ಕಂಬದ ಒಂದೊಂದು ಸುತ್ತಿನಲ್ಲೂ ಹದಿನಾಲ್ಕು ಸಲ ಚುಚ್ಚುತ್ತದೆ. ಇನ್ನೊಮ್ಮೆ ಉಜ್ಜಬಹುದು. ಉಜ್ಜುವುದಿಲ್ಲ.

ಹೋದ ಭಾನುವಾರ ಭಾವ ಬಂದರು. ಪೆಟ್ಟಿಗೆ ತೆರೆದು ಬಹಳ ಹೊತ್ತು ಸುಮ್ಮನೆ ನೋಡಿದರು. ತಮ್ಮ ಒಂದು ಕೊರತೆಗೆ ರಬ್ಬರಿನ ತುಂಡು ನಿಲ್ಲಿಸಿಕೊಂಡರು. ನನ್ನ ಕಡೆ ಮೂರು ಅಂಗಿಯ ಗುಂಡಿ, ಮಿಕ್ಕ ಐದು ಮನೆಗಳಲ್ಲಿ ಗಿಟಾರಿನಿಂದ ಕಿತ್ತ ಹಳೆಯ ಪ್ಲಾಸ್ಟಿಕ್ ಗುಂಡಿಗಳು. ಇಪ್ಪತ್ತು ನಿಮಿಷ ಯೋಚಿಸಿ, ಕುದುರೆಯಿಂದ ನನ್ನ ಮೊದಲ ಕಾಲಾಳನ್ನು ಹೊಡೆದು, ಗೆಲುವಿನ ನಗೆಯೊಂದಿಗೆ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು. ಅದು ಅಲ್ಲೇ ಪುಡಿಯಾಗಿ ಅವರ ಮಂತ್ರಿಯ ತಲೆಯ ಮೇಲೆ ಉದುರಿತು.

"ಹೊಸ ಸೆಟ್ ತರಿಸಿಬಿಡು" ಎಂದರು ಭಾವ, ಗಡಿಯಾರ ನೋಡುತ್ತಾ.